ಟ್ರಂಕಿನ ತಗಡಿನ ಗಾಡಿ

೯ ಮಾರ್ಚ್ ೧೯೫೮, ಶಿರಾ

ಈ ತಿಂಗಳ ಮೂರನೆಯ ತಾರೀಕು, ಸೋಮವಾರ, ಕೊರಟಗೆರೆಯ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆಗೆ ಬಂದ ಅಧಿಕಾರಿಗಳು ಒಂದು ಸುಳ್ಳನ್ನು ಮೂರು ಪ್ರತಿ ಟೈಪು ಮಾಡಿ ಸಹಿ ಹಾಕಿದರು. ಜನವರಿಯಲ್ಲಿ ಮಧುಗಿರಿಯಿಂದ ಹೊರಟ ಬಸ್ಸು ಕೊರಟಗೆರೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಮೋರಿಗೆ ಬಿದ್ದು, ಕರಿಬಸಮ್ಮ ಎಂಬ ಮುದುಕಿ ಸತ್ತರು. ಅದಕ್ಕೆ ಮೆಕ್ಯಾನಿಕ್ ನಸ್ರುಲ್ಲಾನ ಅಲಕ್ಷ್ಯವೇ ಕಾರಣ ಎಂಬುದು ಆ ಸುಳ್ಳು. ನಾನು ಅದೇ ಬಸ್ಸಿನಲ್ಲಿದ್ದೆ. ಹೊರಡುವ ಮುಂಚೆ ಆತ ಮಾಲೀಕ ಮೂಡಲಗಿರಿಯಪ್ಪನವರಿಗೆ ಹೇಳಿದ್ದನ್ನು ಮುಂದಿನ ಸೀಟಿನಲ್ಲಿ ಕೂತು ಕೇಳಿದ್ದೇನೆ.

"ಧಣಿ, ಬ್ರೇಕ್ ಆಯಿಲ್ ಸೋರ್ತಾ ಐತೆ. ಈ ಟ್ರಿಪ್ ಬ್ಯಾಡ."

"ದಿಬ್ಬಣದೋರು ಕಾಯ್ತಾವ್ರೆ ಕಣಯ್ಯಾ. ಇವತ್ತೊಂದಿನ ಹಿಂಗೇ ಓಡ್ಲಿ ಬುಡು. ನಾಳೆ ಬಿಚ್ಚೀವಂತೆ."

ವಿಚಾರಣೆಯ ದಿನ ಬಂಗಲೆಯ ಜಗಲಿಯ ಮೇಲೆ ಎರಡು ಗಂಟೆ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು, ಯಾರು ಯಾವ ವರ್ಷ ಯಾವ ಸುಳ್ಳು ಬರೆದರು ಎಂಬುದನ್ನು ಮರೆಯದವನು, ಎದುರಿಗೇ ಇದ್ದರೂ ಕೇಳುವ ಸೌಜನ್ಯ ಅವರಿಗಿಲ್ಲ. ನಾಳೆಯಿಂದ ಅರ್ಜಿ ಬರೆಯುತ್ತೇನೆ. ಅದರಿಂದ ಏನೂ ಆಗುವುದಿಲ್ಲ, ಗೊತ್ತಿದೆ.

೨೧ ಏಪ್ರಿಲ್

ನಸ್ರುಲ್ಲಾನ ಪ್ರಕರಣದ ಅರ್ಜಿಗೆ ಉತ್ತರವಿಲ್ಲ. ಎರಡನೆಯದರ ಕರಡನ್ನು ಅವನಿಗೆ ಓದಿ ಹೇಳಲು ಹೋಗಿದ್ದೆ. ಕೆಲಸ ಹೋದ ಮೇಲೆ ಅವನು ನಮ್ಮ ಹಿಂದಿನ ಬೀದಿಯಲ್ಲಿ ಮಾವ ಲಿಯಾಕತ್ ಅಲಿಯವರ ಮನೆಗೆ ಬಂದು ಸೇರಿದ್ದಾನೆ. ಮಾವನದು ಟ್ರಂಕು ಮಾಡುವ ಅಂಗಡಿ. ಯಾವ ಬಸ್ಸಿನವರೂ ಅಳಿಯನಿಗೆ ಸ್ಪ್ಯಾನರು ಮುಟ್ಟಲು ಬಿಡುವುದಿಲ್ಲ. ಒಬ್ಬ ಕಂಡಕ್ಟರಂತೂ, "ಬ್ಯಾಡ ಸಾಬ್ರೇ, ನಮ್ ಬಸ್ಸಲ್ಲೂ ಮುದುಕೀರು ಕೂತವ್ರೆ" ಎಂದನಂತೆ.

ನಾನು ಓದುತ್ತಿದ್ದರೆ ಅವನು ನೆಲದ ಮೇಲೆ ಇದ್ದಿಲಿನಲ್ಲಿ ಏನೋ ಗೀಚುತ್ತಿದ್ದ. ತಗ್ಗಾದ ಒಂದು ಗಾಡಿ. ತಲೆಯ ಮೇಲೆ ಹುಡ್ ಇಲ್ಲ, ಚಕ್ರಗಳಿಗೆ ಮಡ್‌ಗಾರ್ಡ್ ಇಲ್ಲ, ಬಾನೆಟ್ಟಿಗೆ ಸೊಂಟಪಟ್ಟಿಯಂಥ ಬೆಲ್ಟು.

"ಬುಕ್ಕಾಪಟ್ಣದ ಇದ್ಲು ಕಂಟ್ರಾಕ್ಟರು ಅಡವಯ್ಯನ ಹಿತ್ಲಾಗೆ ಒಂದು ಫೋರ್ಡ್ ಪಿಕಪ್ ಬಿದ್ದೈತೆ ಮೇಷ್ಟ್ರೇ. ಮಿಲ್ಟ್ರಿ ಮಾಲು. ಕೋಳಿ ಮೊಟ್ಟೆ ಇಕ್ತಾವೆ ಅದ್ರಾಗೆ."

"ಅದಕ್ಕೂ ಈ ಚಿತ್ರಕ್ಕೂ ಏನು ಸಂಬಂಧ?"

ಯುದ್ಧದ ಕಾಲದಲ್ಲಿ ಅವನು ಬೆಂಗಳೂರಿನ ಮಿಲಿಟರಿ ವರ್ಕ್‌ಷಾಪಿನಲ್ಲಿದ್ದನಂತೆ. ಅಲ್ಲೊಬ್ಬ ಬಿಳಿಯ ಕ್ಯಾಪ್ಟನ್ ಗುಜರಿ ಸೇರಿಸಿ ರೇಸಿನ ಕಾರು ಕಟ್ಟಿದ್ದ. ಭಾನುವಾರ ವಿಮಾನ ಇಳಿಯುವ ಬಯಲಿನಲ್ಲಿ ಓಡಿಸುತ್ತಿದ್ದ. "ಅವ್ನು ಹೇಳ್ತಿದ್ದ: ದುಡ್ಡಿದ್ದೋನು ಇಂಜಿನ್ ದೊಡ್ಡದು ಮಾಡ್ತಾನೆ, ದುಡ್ಡಿಲ್ದೋನು ತೂಕ ಇಳಿಸ್ತಾನೆ."

ವೇಗದ ಹುಚ್ಚು ನನಗೆ ಹಿಡಿಸದು. ಆದರೆ ಮನೆಗೆ ಬರುವ ದಾರಿಯಲ್ಲಿ ಪಾವಗಡ ನೆನಪಾಯಿತು. ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಸ್ವಾತಂತ್ರ್ಯ ಬಂದ ಸುದ್ದಿಯ ಪತ್ರಿಕೆಯನ್ನು ಅಲ್ಲಿ ಎರಡು ದಿನ ತಡವಾಗಿ ಓದಿದೆ. ಇಂದಿಗೂ ಪಾವಗಡದವರು ನಿನ್ನೆಯ ಪತ್ರಿಕೆ ಓದುವ ಜನ. ಶಿರಾಕ್ಕೆ ಬೆಳಿಗ್ಗೆ ಬರುವ ಕಟ್ಟುಗಳನ್ನು ಮಧುಗಿರಿ, ಮಿಡಿಗೇಶಿ ಮೇಲೆ ಹಾಯಿಸಿ ಮಧ್ಯಾಹ್ನದೊಳಗೆ ಪಾವಗಡ ಮುಟ್ಟಿಸುವ ಗಾಡಿ ಒಂದಿದ್ದರೆ?

೧೧ ಮೇ

ಪಿಕಪ್ ಬಂತು. ಅಡವಯ್ಯ ಅದಕ್ಕೆ ದುಡ್ಡು ಕೇಳಲಿಲ್ಲ. ಮಗಳ ಮದುವೆಗೆ ಎರಡು ಟ್ರಂಕು ಕೇಳಿದ. ಒಂದು ಷರತ್ತು: "ಒಂದಕ್ಸರಾನೂ ಕಾಣಂಗಿಲ್ಲ ಸಾಬ್ರೇ."

ಲಿಯಾಕತ್ ಅಲಿಯವರು ಆ ಮಾತಿಗೆ ಕೋಪಿಸಿಕೊಂಡರು. ನನಗೆ ಕಾರಣ ತಿಳಿಯಲಿಲ್ಲ. ಆಮೇಲೆ ವಿವರಿಸಿದರು. ಇಲ್ಲಿ ಟ್ರಂಕು ಮಾಡುವುದು ಎಣ್ಣೆ ಡಬ್ಬಗಳನ್ನು ಬಿಚ್ಚಿ ತಟ್ಟಿದ ತಗಡಿನಿಂದ. ಡಬ್ಬದ ಮೇಲೆ ಕಂಪನಿಯ ಅಕ್ಷರ, ಅಂಕೆ ಒತ್ತಿರುತ್ತವೆ. ಮದುವೆಯ ಟ್ರಂಕಿನಲ್ಲಿ ಬಣ್ಣದಡಿ ಒಂದು ಅಕ್ಷರ ಉಬ್ಬಿ ಕಂಡರೂ ಗಂಡಿನ ಕಡೆಯವರು "ಎಣ್ಣೆ ಡಬ್ಬದಾಗೆ ತುಂಬಿ ಕಳ್ಸವ್ರೆ" ಎಂದು ಹೆಣ್ಣನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅದಕ್ಕೇ ಇವರು ಅಕ್ಷರವನ್ನು ಸುತ್ತಿಗೆಯಲ್ಲಿ ತಟ್ಟಿ, ಅರದಲ್ಲಿ ಉಜ್ಜಿ, ಕೊನೆಗೆ ಕಣ್ಣು ಮುಚ್ಚಿ ಬೆರಳಾಡಿಸಿ ನೋಡುತ್ತಾರೆ. "ನಲ್ವತ್ತು ವರ್ಸದಾಗೆ ನಮ್ ಟ್ರಂಕಿನ ಮ್ಯಾಲೆ ಒಬ್ರೂ ಒಂದಕ್ಸರ ಓದಿಲ್ಲ, ಮೇಷ್ಟ್ರೇ. ಇವ್ನು ನಂಗೆ ಹೇಳ್ತಾನೆ."

ಓದಿಸುವುದೇ ನನ್ನ ವೃತ್ತಿಯಾಗಿತ್ತು. ಓದಲಾಗದಂತೆ ಮಾಡುವುದೂ ಒಂದು ವೃತ್ತಿ ಎಂದು ಈ ವಯಸ್ಸಿನಲ್ಲಿ ಕಲಿತೆ.

೨ ಜೂನ್

ನಸ್ರುಲ್ಲಾ ಗಾಡಿಯನ್ನು ಎಲುಬಿನವರೆಗೆ ಬಿಚ್ಚಿದ್ದಾನೆ. ಹುಡ್ ಹೋಯಿತು, ಬಾಗಿಲುಗಳು ಹೋದವು, ಹಿಂದಿನ ಮರದ ತೊಟ್ಟಿ ಹೋಯಿತು. ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳಲ್ಲಿ ಎರಡೆರಡು ತೆಗೆದು ಗಾಡಿಯನ್ನು ತಗ್ಗಿಸಿದ. ಹೊಸ ಮೈಯೆಲ್ಲ ಮಾವನ ತಗಡು, ಅಂಚಿನಲ್ಲಿ ಒಳಗೆ ತಂತಿ ಇಟ್ಟು ಮಡಿಸಿದ್ದು, ಅಪ್ಪಟ ಟ್ರಂಕಿನ ಕೆಲಸ. ಬಾಗಿಲನ್ನೂ ಅದರಲ್ಲೇ ಮಾಡಿದರು, ಮೊಣಕಾಲಿನ ಎತ್ತರ. ಬಾನೆಟ್ಟಿನ ಬೆಲ್ಟು ಎತ್ತಿನ ಕೊರಳಿಗೆ ಕಟ್ಟುವ ಜತ್ತಿಗೆಯ ಚರ್ಮ. ಸೀಟಿಗೆ ಕುರುಬರ ಕೇರಿಯಿಂದ ತಂದ, ಕಂಬಳಿ ಮಗ್ಗದ ಅಡಿ ಉದುರಿದ ಉಣ್ಣೆ ತುಂಬಿದರು. ಹೊಸದಾಗಿ ಕೊಂಡದ್ದು ಬ್ರೇಕಿನ ಸಾಮಾನು ಮಾತ್ರ. ಅದನ್ನು ಅವನು ಸ್ವತಃ ಬೆಂಗಳೂರಿಗೆ ಹೋಗಿ ಆರಿಸಿ ತಂದ. ಹೆಂಡತಿ ಸಾಬೀರಾಳ ಕಾಲಂದುಗೆ ಅದಕ್ಕೆ ಹೋಯಿತು.

"ಬೇರೆ ಯಾತರಲ್ಲಾದ್ರೂ ಗುಜರಿ ಹಾಕ್ತೀನಿ ಮೇಷ್ಟ್ರೇ. ಬ್ರೇಕಲ್ಲಿ ಬ್ಯಾಡ. ಬ್ರೇಕ್ ಇನ್ಸ್‌ಪೆಕ್ಟರ್ ಎಫ್.ಸಿ. ಬರ್ಕೊಟ್ಬುಟ್ರೆ ಸಾಕು. ನನ್ನ ಕೈಯಾಗಿನ ಬ್ರೇಕು ನಿಲ್ತೈತೆ ಅಂತ ಸರ್ಕಾರದ ಕಾಗ್ದ."

ಅವನಿಗೆ ಬೇಕಾದದ್ದು ಅಷ್ಟೇ. ನಾನು ಮೂರು ಅರ್ಜಿಗಳಲ್ಲಿ ಹೇಳಲಾಗದ್ದನ್ನು ಅವನು ಒಂದು ಗಾಡಿಯಲ್ಲಿ ಹೇಳಲು ಹೊರಟಿದ್ದಾನೆ. ಕೊಡುತ್ತಾರೆಯೆ? ನನಗೆ ನಂಬಿಕೆಯಿಲ್ಲ.

೧೯ ಜೂನ್

ಅರ್ಜಿಗೆ ಉತ್ತರವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲೇ ಇದ್ದೆ. ಅರ ಹಿಡಿಯಲು ಬಂತು.

೮ ಜುಲೈ

ಅಂಗೈಯಲ್ಲಿ ಬೊಬ್ಬೆ. ನನ್ನ ಹೆಂಡತಿ ದಾಕ್ಷಾಯಣಿ ಹರಳೆಣ್ಣೆ ಹಚ್ಚುತ್ತ, "ಮೇಷ್ಟ್ರಾಗಿದ್ದಾಗ ಕೈ ನೊಂದಿದ್ದು ಹುಡುಗರದ್ದು, ಈಗ ನಿಮ್ಮದು" ಎಂದಳು.

ಬಾನೆಟ್ಟಿನ ತಗಡಿನಲ್ಲಿದ್ದ ಅಕ್ಷರವೆಲ್ಲ ತೆಗೆದೆ. ಬಣ್ಣಕ್ಕೆ ಮುಂಚೆ ಕೆಳಗಿನ ಉಕ್ಕಿನ ಚೌಕಟ್ಟಿನ ತುಕ್ಕು ಕೆರೆಯುವ ಕೆಲಸವನ್ನೂ ನಾನೇ ಕೇಳಿ ಪಡೆದೆ. ನಸ್ರುಲ್ಲಾ ಮಧುಗಿರಿಗೆ ಟೈರು ನೋಡಲು ಹೋಗಿದ್ದ. ಚೌಕಟ್ಟಿನ ಬಲಗಡೆ, ಮುಂದಿನ ಚಕ್ರದ ಹಿಂದೆ, ಅಲ್ಲೂ ಏನೋ ಅಂಕೆಗಳು ಒತ್ತಿದ್ದವು. ಉಕ್ಕು ತಗಡಿನಂತೆ ಬಗ್ಗುವುದಿಲ್ಲ, ಊಟದ ಹೊತ್ತು ಮೀರಿತು. ಆದರೂ ಬಿಡಲಿಲ್ಲ. ಕೊನೆಗೆ ಲಿಯಾಕತ್ ಅಲಿಯವರು ಕಣ್ಣು ಮುಚ್ಚಿ ಬೆರಳಾಡಿಸಿ, "ಶಾಬಾಷ್. ನಿಮ್ಗೆ ಇನ್ನೂ ಚಿಕ್ಕ ವಯಸ್ಸಾಗಿದ್ರೆ ಅಂಗ್ಡೀಗೆ ಸೇರಿಸ್ಕೊಂಬಿಡ್ತಿದ್ದೆ" ಎಂದರು. ಸಂಜೆ ಅದಕ್ಕೆ ತುಕ್ಕು ತಡೆಯುವ ಕೆಂಪು ಬಣ್ಣವನ್ನು ನಾನೇ ಬಳಿದೆ.

ಬಹಳ ದಿನಗಳ ಮೇಲೆ ಚೆನ್ನಾಗಿ ಊಟ ಮಾಡಿದೆ.

೨೭ ಜುಲೈ

ಹಸಿರು ಬಣ್ಣ, ಬಾಗಿಲ ಮೇಲೆ ಬಿಳಿ ವೃತ್ತದಲ್ಲಿ ದಪ್ಪಗೆ ೧೨. ಕ್ಯಾಪ್ಟನ್ನನ ಕಾರಿನ ಮೇಲೂ ಅದೇ ಇತ್ತಂತೆ. ದಾಕ್ಷಾಯಣಿ ನೋಡಲು ಬಂದು, "ಹನ್ನೊಂದನೇದು ಎಲ್ಲಿ?" ಎಂದಳು. ಸಾಬೀರಾ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಇದೇ ಮೊದಲು.

೧೦ ಆಗಸ್ಟ್, ಭಾನುವಾರ

ಮಿಡಿಗೇಶಿಯವರೆಗೆ ಹೋಗಿ ಬಂದೆವು. ಬಡವನಹಳ್ಳಿ ಕಳೆದ ಮೇಲೆ ರಸ್ತೆ ನೇರ. ನಸ್ರುಲ್ಲಾ ನನ್ನ ಮುಖ ನೋಡಿ, "ಕನ್ನಡ್ಕ ಹಿಡ್ಕಳಿ" ಎಂದ. ಆಮೇಲೆ ನಾನು ಕೇಳಿದ್ದು ಗಾಳಿಯೊಂದೇ. ಭಯವಾಗಲಿಲ್ಲ. ಭಯವಾಗಲಿಲ್ಲವಲ್ಲ ಎಂದು ಈಗ ಆಶ್ಚರ್ಯ.

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಜನ ಮುತ್ತಿದರು.

"ಏನ್ ಸಾಮಿ ಇದು, ಟ್ರಂಕಿಗೆ ಗಾಲಿ ಹಾಕ್ಸಿದ್ದೀರಾ?"

"ಬೀಗ ಎಲ್ಲೈತೆ ಮೇಷ್ಟ್ರೇ?"

ನಾನು ಮರುಮಾತು ಕೊಟ್ಟೆ: "ಹತ್ತು, ಒಳಗೆ ಕೂಡಿ ಹಾಕುತ್ತೇನೆ."

ಮಿಡಿಗೇಶಿ ಕೋಟೆಯ ಬುಡದಲ್ಲಿ ಇಳಿಜಾರು. ಅಲ್ಲಿ ನಾಲ್ಕು ಸಲ ಇಳಿಸಿ ನಾಲ್ಕು ಸಲ ನಿಲ್ಲಿಸಿದ. ರಸ್ತೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದಿದ್ದ, ನಾಲ್ಕು ಸಲವೂ ಮುಂದಿನ ಚಕ್ರ ಆ ಗೆರೆಯ ಮೇಲೇ ನಿಂತಿತು. ಕೊನೆಯ ಸಲ ಅವನು ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. ನಾನು ಆ ಕಡೆ ತಿರುಗಿ ಬೆಟ್ಟ ನೋಡುತ್ತ ನಿಂತೆ.

ಪಾವಗಡದ ವಾಚನಾಲಯಕ್ಕೆ ಕಾಗದ ಹಾಕಿದ್ದೇನೆ: ಸೆಪ್ಟೆಂಬರಿನಿಂದ ಅಂದಿನ ಪತ್ರಿಕೆ ಅಂದೇ.

೨೫ ಆಗಸ್ಟ್

ಮಧುಗಿರಿಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರರ ಕ್ಯಾಂಪು. ತುಮಕೂರಿನಿಂದ ಬಂದಿದ್ದರು. ಗಾಡಿ ಓಡಿಸಿ ನೋಡಿದರು, ಗಕ್ಕನೆ ನಿಲ್ಲಿಸಿ ನೋಡಿದರು, ಇಳಿದು ಚಕ್ರದ ಗುರುತು ನೋಡಿದರು. "ನೇರ ನಿಲ್ಲುತ್ತಲ್ಲಯ್ಯಾ. ಯಾರು ಮಾಡಿದ್ದು?" ನಸ್ರುಲ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡ. ಅವರು ಪೆನ್ನು ತೆಗೆದರು.

ಆಮೇಲೆ ಹಳೆಯ ರಿಜಿಸ್ಟ್ರೇಷನ್ ಪುಸ್ತಕ ಹಿಡಿದು ಮುಂದಿನ ಚಕ್ರದ ಹಿಂದೆ ಬಗ್ಗಿದರು. ಚೌಕಟ್ಟಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲು ಉಜ್ಜಿದರು, ಒತ್ತಿದ ಅಂಕೆ ಕಾಗದದ ಮೇಲೆ ಮೂಡಬೇಕು. ಕಾಗದ ಬರೀ ಕಪ್ಪಾಯಿತು. ಇನ್ನೊಂದು ಕಾಗದ. ಅದೂ ಕಪ್ಪು.

"ಬಾಗಿಲ ಮೇಲೆ ಇಷ್ಟು ದಪ್ಪ ನಂಬರ್ ಬರೆಸಿದ್ದೀಯ. ಸರ್ಕಾರ ಕೇಳೋ ನಂಬರ್ ಎಲ್ಲಿ?"

ಇಂಜಿನ್ನಿನ ಅಂಕೆ ಪುಸ್ತಕಕ್ಕೆ ತಾಳೆಯಾಗಲಿಲ್ಲ. ಮಿಲಿಟರಿಯಲ್ಲೇ ಒಮ್ಮೆ ಇಂಜಿನ್ ಬದಲಾಗಿತ್ತಂತೆ. ಚಾಸಿ ನಂಬರೊಂದೇ ಆಧಾರ. ನಸ್ರುಲ್ಲಾ ನೆಲಕ್ಕೆ ಮಂಡಿಯೂರಿ ಆ ಜಾಗದ ಮೇಲೆ ಬೆರಳಾಡಿಸಿದ. ಅಷ್ಟು ನುಣುಪು ಯಾರ ಕೈಯ ಕೆಲಸ ಎಂದು ಅವನಿಗೆ ತಕ್ಷಣ ತಿಳಿಯಿತು. ತಲೆಯೆತ್ತಿ ನನ್ನನ್ನು ನೋಡಿದ. ನಂತರ ಇನ್ಸ್‌ಪೆಕ್ಟರರ ಕಡೆ ತಿರುಗಿದ.

"ತುಕ್ಕು ಕೆರೆಯೋವಾಗ ನನ್ನ ಕೈಯಾಗೇ ಹೋಗಿರ್ಬೇಕು ಸಾರ್."

ಅಲ್ಲಿದ್ದ ಬಸ್ಸಿನವರೊಬ್ಬರು ಅವನ ಹೆಸರು ಹೇಳಿ, ಜನವರಿಯ ಕಥೆಯನ್ನೂ ಹೇಳಿದರು. ಪೆನ್ನು ಜೇಬಿಗೆ ಹೋಯಿತು. ಕದ್ದ ಗಾಡಿಯೆಂದು ಸಂಶಯ, ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸತಕ್ಕದ್ದು.

ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

೨೬ ಆಗಸ್ಟ್

ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವನು ನಾನು. ಆ ಅಂಕೆಗಳನ್ನು ಓದಲಿಲ್ಲ. ಏಳಿತ್ತೋ ಎಂಟಿತ್ತೋ, ಮೊದಲನೆಯದು ಯಾವುದೋ, ಎಷ್ಟು ಯೋಚಿಸಿದರೂ ಒಂದೂ ನೆನಪಿಲ್ಲ.

೩ ಸೆಪ್ಟೆಂಬರ್

ಒಂಬತ್ತು ದಿನ ಬೇಕಾಯಿತು. ಇಂದು ಮಧುಗಿರಿ ಸ್ಟೇಷನ್ನಿಗೆ ಹೋಗಿ, ಅಂಕೆ ಅಳಿಸಿದ್ದು ನಾನು ಎಂದು ಸಬ್ ಇನ್ಸ್‌ಪೆಕ್ಟರರಿಗೆ ಹೇಳಿದೆ. ಅವರು ಎದ್ದು ನಿಂತು ಕುರ್ಚಿ ಕೊಟ್ಟರು. ಅವರ ಅಣ್ಣ ನನ್ನ ವಿದ್ಯಾರ್ಥಿಯಂತೆ.

"ನಿಮ್ಮ ಕೈಯಲ್ಲಿ ಅರಾನಾ ಸಾರ್? ಸೀಮೆಸುಣ್ಣ ಹಿಡಿದ ಕೈ ಅದು."

ಅಂಗೈ ತೋರಿಸಿದೆ. ಬೊಬ್ಬೆ ಮಾಯ್ದು ಗಟ್ಟಿಯಾಗಿತ್ತು. ಅವರು ನೋಡಲಿಲ್ಲ.

"ಅವತ್ತೇ ಯಾಕೆ ಹೇಳ್ಲಿಲ್ಲ ತಾವು?"

ಅಂಗೈ ಮಡಚಿಕೊಂಡೆ.

"ನೋಡಿ, ಅವನೇ ಒಪ್ಪಿದ್ದಾನೆ. ನೀವು ದೊಡ್ಡೋರು, ಕನಿಕರಕ್ಕೆ ಹೇಳ್ತಿದ್ದೀರಿ. ಅದನ್ನೆಲ್ಲ ಬರ್ಕೊಳೋಕಾಗಲ್ಲ. ಕಾಫಿ ತರಿಸ್ಲಾ?"

ನಾನು ಆ ಕಾಫಿ ಕುಡಿದೆ. ಕಿಟಕಿಯಲ್ಲಿ ಗಾಡಿ ಕಾಣುತ್ತಿತ್ತು, ಬೇವಿನ ಮರದಡಿ. ಅದರ ಸೀಟಿನ ಮೇಲೆ ನಾಯಿ ಮಲಗಿತ್ತು.

೧೯ ಸೆಪ್ಟೆಂಬರ್

ಗಾಡಿ ತನ್ನದೇ ಆಗಿತ್ತೆಂದು ಸಾಕ್ಷಿ ಹೇಳಲು ಅಡವಯ್ಯ ಬರುವುದಿಲ್ಲ. ಅವನ ಇದ್ದಿಲ ಲೈಸೆನ್ಸು ಡಿಸೆಂಬರಿಗೆ ಮುಗಿಯುತ್ತದೆ. "ಟ್ರಂಕು ಸೆಂದಾಗವೆ, ಅದ್ರಾಗೇನೂ ಮಾತಿಲ್ಲ" ಎಂದು ಮಾತ್ರ ಹೇಳಿದ.

ಲಿಯಾಕತ್ ಅಲಿಯವರು ಅಂಗಡಿ ತೆರೆದಿದ್ದರೂ ಕೆಲಸ ಮಾಡುತ್ತಿಲ್ಲ. "ಬೆರಳಾಡ್ಸಿ ಶಾಬಾಷ್ ಅಂದೋನು ನಾನು" ಎಂದರು. ಅವರೂ ಸ್ಟೇಷನ್ನಿಗೆ ಹೋಗಿದ್ದರಂತೆ. ಅವರಿಗೆ ಕುರ್ಚಿ ಕೊಡಲಿಲ್ಲ.

೯ ಅಕ್ಟೋಬರ್

ಇನ್ನೆರಡು ಅರ್ಜಿ ಕಳಿಸಿದ್ದೆ. ಸಂಜೆ ಸಾಬೀರಾ ಬಂದಳು. ಒಳಗೆ ಕರೆದರೂ ಬರದೆ ಬಾಗಿಲ ಬಳಿಯೇ ನಿಂತಳು.

"ಅರ್ಜಿ ಬರೀಬ್ಯಾಡಿ ಮೇಷ್ಟ್ರೇ."

"ಯಾಕಮ್ಮಾ? ನ್ಯಾಯ..."

"ನೀವು ಒಂದು ಬರದ್ರೆ ಅವರು ಇವರ್ನ ಒಂದ್ಸಲ ಕರ್ಸ್ತಾರೆ. ದಿನಪೂರ್ತಿ ಕೂರಿಸ್ತಾರೆ. ಸಂಜೆಗೆ, ಇವತ್ತು ಸಾಹೇಬರಿಲ್ಲ ನಾಳೆ ಬಾ ಅಂತಾರೆ. ಐದು ಅರ್ಜಿ ಬರ್ದಿದ್ದೀರಿ. ಐದ್ಸಲ ಹೋಗವ್ರೆ."

ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದೆ.

"ಪಾವಗಡದಾಗೆ ಕಡ್ಲೆಕಾಯಿ ಮಂಡೀಲಿ ಮೂಟೆ ಹೊರೋಕೆ ಸೇರ್ಕಂಡವ್ರೆ. ಅಲ್ಲಿ ಯಾರ್ಗೂ ಗುರ್ತಿಲ್ಲ. ಅದಾದ್ರೂ ಇರ್ಲಿ ಬುಡಿ."

ದಾಕ್ಷಾಯಣಿ ಒಂದು ಅಚ್ಚು ಬೆಲ್ಲ ಕೊಟ್ಟಳು. ಸಾಬೀರಾ ಬೇಡವೆಂದಳು. ಬಲವಂತಕ್ಕೆ ಕೈಗೆ ತೆಗೆದುಕೊಂಡು, ಹೋಗುವಾಗ ನಮ್ಮ ಜಗಲಿಯ ಮೇಲಿಟ್ಟು ಹೋದಳು.

೧೨ ಅಕ್ಟೋಬರ್

ಬರೆಯಲಿಲ್ಲ. ಓದಲಿಲ್ಲ.

೨೬ ಅಕ್ಟೋಬರ್, ಪಾವಗಡ

ಅವನನ್ನು ನೋಡಲು ಬಂದೆ. ಮಂಡಿಯ ಮುಂದೆ ತಲೆಗೆ ಗೋಣಿಯ ಚೀಲ ಹಾಕಿಕೊಂಡು ಮೂಟೆ ಇಳಿಸುತ್ತಿದ್ದ. ಮೇಸ್ತ್ರಿ ತೆಲುಗಿನಲ್ಲಿ "ತ್ವರಗಾ ರಾ, ಸಾಯಿಬೂ" ಎಂದು ಬೇಗ ಬರಲು ಕೂಗುತ್ತಿದ್ದ. ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದ.

"ನಿನ್ನ ಕೈಯಿಂದಲೇ ಹೋಯಿತೆಂದು ಯಾಕೆ ಹೇಳಿದೆ?" ಎಂದು ಕೇಳಿದೆ.

"ನೀವು ಹೇಳ್ತೀರೇನೋ ಅಂತ ಒಂದ್ಗಳಿಗೆ ನೋಡ್ದೆ ಮೇಷ್ಟ್ರೇ. ನೀವು ಹೇಳ್ಲಿಲ್ಲ. ಯಾರಾದ್ರೂ ಹೇಳ್ಬೇಕಿತ್ತಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ವಾಚನಾಲಯದಲ್ಲಿ ಪತ್ರಿಕೆ ನೋಡಿದೆ. ನಿನ್ನೆಯದು.

೨ ನವೆಂಬರ್

ಮಧುಗಿರಿ ತಾಲ್ಲೂಕು ಕಚೇರಿಯ ಬೋರ್ಡಿನ ಮೇಲೆ ಪ್ರಕಟಣೆ: ವಾರಸುದಾರರಿಲ್ಲದ ಮೋಟಾರು ಗಾಡಿ ಒಂದು, ಇದೇ ತಿಂಗಳು ಹದಿನೇಳರಂದು ಗುಜರಿಯೆಂದು ಹರಾಜು. ಮೂಡಲಗಿರಿಯಪ್ಪನವರು ಒಮ್ಮೆ ಬಂದು ಅದರ ಬ್ರೇಕಿನ ಸಾಮಾನು ನೋಡಿ ಹೋದರಂತೆ.

ಇಷ್ಟು ತಿಂಗಳು ಈ ಪುಸ್ತಕದಲ್ಲಿ ಸುಳ್ಳು ಬರೆದವರ ಹೆಸರು ಬರೆದೆ. ಇಂದು ಹಿಂದಿನ ಹಾಳೆಗಳನ್ನು ತಿರುವಿದೆ. ಕೊರಟಗೆರೆಯ ಬಂಗಲೆಯ ಬಾಗಿಲು ತೆರೆದೇ ಇತ್ತು. ಜಗಲಿಯಿಂದ ಮೇಜಿಗೆ ಎಂಟು ಹೆಜ್ಜೆ. ಕೇಳದೆ ಮಾತಾಡಬಾರದು ಎಂಬ ನಿಯಮ ಯಾರು ಮಾಡಿದ್ದು? ತರಗತಿಯಲ್ಲಿ ನಾನೇ ಮಾಡಿದ್ದು.

೭ ನವೆಂಬರ್

ಅರ್ಜಿಯಲ್ಲ ಇದು. ಅರ್ಜಿ ಬರೆದರೆ ಅವನನ್ನು ಕರೆಸುತ್ತಾರೆ. ಇದರಲ್ಲಿ ಅವನ ಪರವಾಗಿ ಒಂದು ಮಾತೂ ಇಲ್ಲ, ಅವನ ಹೆಸರೂ ಇಲ್ಲ. ಆರು ಪ್ರತಿ ಬರೆದು ನಿನ್ನೆ, ಇಂದು ಓಡಾಡಿ ನನ್ನ ಕೈಯಿಂದಲೇ ಅಂಟಿಸಿದೆ: ಮಧುಗಿರಿ ತಾಲ್ಲೂಕು ಕಚೇರಿಯ ಬೋರ್ಡು, ಪೊಲೀಸ್ ಸ್ಟೇಷನ್ನಿನ ಕಾಂಪೌಂಡು, ಶಿರಾ, ಕೊರಟಗೆರೆ, ಮಧುಗಿರಿಯ ಬಸ್ ಸ್ಟ್ಯಾಂಡುಗಳು, ಪಾವಗಡದ ವಾಚನಾಲಯ. ಒಂದೆರಡು ಸಂಜೆಯೊಳಗೆ ಹರಿದುಹೋಗಿರುತ್ತವೆ. ಇಲ್ಲಿ ನಕಲು ಇಟ್ಟಿದ್ದೇನೆ.

"ಶಿರಾ ಊರಿನ ನಿವೃತ್ತ ಮುಖ್ಯೋಪಾಧ್ಯಾಯ ರೇಣುಕಯ್ಯನಾದ ನಾನು ಸಾರ್ವಜನಿಕರ ಮುಂದೆ ಹೇಳುವುದು: ೧೯೫೮ನೆಯ ಜುಲೈ ಎಂಟರಂದು, ಈಗ ಮಧುಗಿರಿ ಸ್ಟೇಷನ್ನಿನಲ್ಲಿ ನಿಂತಿರುವ ಹಸಿರು ಗಾಡಿಯ ಚಾಸಿ ನಂಬರನ್ನು ಅಳಿಸಿದವನು ನಾನು. ಆಗಸ್ಟ್ ಇಪ್ಪತ್ತೈದರಂದು ಬೇರೊಬ್ಬರು ಆ ತಪ್ಪನ್ನು ಹೊತ್ತಾಗ ಪಕ್ಕದಲ್ಲಿ ನಿಂತು ಬಾಯಿಮುಚ್ಚಿಕೊಂಡವನು ನಾನು. ಜನವರಿಯಲ್ಲಿ ಕರಿಬಸಮ್ಮನವರು ಸತ್ತ ಬಸ್ಸಿನ ಬ್ರೇಕು ಸೋರುತ್ತಿದೆಯೆಂದು ಮಾಲೀಕರಿಗೆ ಮೊದಲೇ ತಿಳಿಸಿದ್ದನ್ನು ಕೇಳಿಸಿಕೊಂಡವನು, ಮಾರ್ಚ್ ಮೂರರಂದು ಅದನ್ನು ಹೇಳದೆ ಮನೆಗೆ ಹೋದವನೂ ನಾನೇ. ಗಾಡಿಯ ನಂಬರು ಅಳಿಸುವುದು ಅಪರಾಧ. ಅಪರಾಧಿ ತಾನಾಗಿ ಬಂದಿದ್ದಾನೆ. ಸ್ಟೇಷನ್ನಿನಲ್ಲಿ ಅವನಿಗೆ ಕಾಫಿ ಕೊಟ್ಟು ಕಳಿಸಿದರು.

ಇದೇ ಹದಿನೇಳರಂದು, ಹರಾಜಿಗೆ ಮುಂಚೆ, ತಾಲ್ಲೂಕು ಕಚೇರಿಯ ಅಂಗಳದಲ್ಲಿ ನಿಂತಿರುತ್ತೇನೆ. ಅಧಿಕಾರಿಗಳು ನನ್ನ ಮೇಲೆ ಮೊಕದ್ದಮೆ ಹೂಡಬೇಕು. ಹೂಡುವುದಿಲ್ಲವಾದರೆ, ಏಕೆ ಹೂಡುವುದಿಲ್ಲ, ಯಾರ ಮಾತನ್ನು ನಂಬುತ್ತೀರಿ, ಯಾರ ಮಾತನ್ನು ನಂಬುವುದಿಲ್ಲ, ಯಾರಿಗೆ ಕುರ್ಚಿ ಕೊಡುತ್ತೀರಿ, ಯಾರಿಗೆ ಕೊಡುವುದಿಲ್ಲ, ಎಂಬುದನ್ನು ಅಲ್ಲಿ ಸೇರಿದ ಜನರೆಲ್ಲರ ಎದುರು ಬಾಯಿಬಿಟ್ಟು ಹೇಳಬೇಕು."